ಎಳೆ ದ್ರಾಕ್ಷಿ ಬಳ್ಳಿ ತಂತಿ ದಾಟಿದೆ: ಕುಡಿ ಚಿವುಟಬೇಕಾ, ಓಡಲು ಬಿಡಬೇಕಾ?

ಹೊಸಪಡ_ತಿಕೋಟಾ · ಮಾರ್ಚ್ 22

ಎಲ್ಲರಿಗೂ ನಮಸ್ಕಾರ. ತಿಕೋಟಾ ಹತ್ತಿರ ನಮ್ಮ ಹೊಲದಲ್ಲಿ ಒಂದೂವರೆ ಎಕರೆ ಹೊಸ ದ್ರಾಕ್ಷಿ ಪಡ (ತೋಟ) ಹಾಕಿದ್ದೇವೆ. ಬೇರುಗಿಡ ಡಾಗ್‌ರಿಜ್, ಮೇಲೆ ಥಾಮ್ಸನ್ ತಳಿಯ ಕಸಿ. ಸಾಲಿಗೆ ಸಾಲು 10 ಅಡಿ, ಗಿಡಕ್ಕೆ ಗಿಡ 5 ಅಡಿ. ಒಟ್ಟು 1,300ರ ಹತ್ತಿರ ಗಿಡ ಇವೆ. ವೈ ಆಂಗಲ್ (ಬಳ್ಳಿ ಹಬ್ಬಿಸಲು Y ಆಕಾರದ ಕಬ್ಬಿಣದ ಕಂಬ) ನಿಲ್ಲಿಸಿದ್ದೇವೆ, ಕೆಳಗಿನ ತಂತಿ ನೆಲದಿಂದ 4 ಅಡಿಗೆ ಇದೆ. ಹೋದ ಸೆಪ್ಟೆಂಬರ್‌ನಲ್ಲಿ ಕಸಿ ಕಟ್ಟಿಸಿದೆವು. ಚಳಿ ಕಡಿಮೆಯಾದ ಮೇಲೆ ಫೆಬ್ರವರಿ 6ಕ್ಕೆ ರೀಕಟ್ ಮಾಡಿದೆವು, ಅಂದರೆ ಹೊಸ ಚಿಗುರು ಬರಲಿ ಅಂತ ಕಸಿಯನ್ನು ಗಿಡ್ಡ ಕತ್ತರಿಸಿದೆವು.

ಈಗ ಕುಡಿ ಓಡುತ್ತಿರುವುದು ನೋಡಿದರೆ ಭಯ ಆಗುತ್ತೆ. ಅರ್ಧಕ್ಕಿಂತ ಜಾಸ್ತಿ ಗಿಡ ತಂತಿ ದಾಟಿ ಒಂದೂವರೆ ಅಡಿ ಮೇಲೆ ಹೋಗಿವೆ. ನಾನು ಓದಿ ತಿಳಿದುಕೊಂಡಿದ್ದು ಏನಂದರೆ ತಂತಿಗಿಂತ ಸ್ವಲ್ಪ ಕೆಳಗೆ ತುದಿ ಕತ್ತರಿಸಬೇಕು, ಎರಡು ಬಗಲು ಕುಡಿ ಎಬ್ಬಿಸಬೇಕು, ಅವನ್ನು ತಂತಿಗುಂಟ ಎಡಕ್ಕೊಂದು ಬಲಕ್ಕೊಂದು ಹಂತ ಹಂತವಾಗಿ ಬೆಳೆಸಬೇಕು. ಎರಡು ಸಾಲು ಹಾಗೆ ಕತ್ತರಿಸಿದೆ. ಅಪ್ಪ ಸಂಜೆ ಬಂದು ನೋಡಿ ಊಟ ಮಾಡದೆ ಮಲಗಿದರು. "ಓಡೋ ಬಳ್ಳಿಯ ತಲೆ ಯಾಕೆ ಕತ್ತರಿಸಿದಿ? ಟ್ಯಾಂಕರ್ ನೀರು ಹಾಕಿ ಬೆಳೆಸಿದ್ದು ಇದಕ್ಕೇನಾ?" ಅಂದರು. ಪಕ್ಕದ ಹೊಲದವರು ಅದೇ ಕುಡಿಯನ್ನು ಬಗ್ಗಿಸಿ ತಂತಿಗೆ ಕಟ್ಟಿ ಬಿಟ್ಟಿದ್ದಾರೆ. ಅವರ ಬಳ್ಳಿ ಆಗಲೇ ಮುಂದಿನ ಗಿಡದವರೆಗೆ ಮುಟ್ಟಿದೆ. ಊರಲ್ಲಿ ಎಲ್ಲರೂ ಅದನ್ನೇ ಹೊಗಳುತ್ತಿದ್ದಾರೆ.

ನಾನು ಮಾಡಿದ್ದು ತಪ್ಪಾ? ಉಳಿದ ಸಾಲು ಏನು ಮಾಡಲಿ? ಅನುಭವ ಇದ್ದವರು ದಯವಿಟ್ಟು ಬೇಗ ಹೇಳಿ. ದಿನಕ್ಕೆ ಎರಡು ಬೆರಳು ಬೆಳೆಯುತ್ತಿದೆ.

ಎರೆಹೊಲ_ಬಬಲೇಶ್ವರ

ನೀವು ಮಾಡಿದ್ದು ಸರಿ ಇದೆ ತಮ್ಮಾ. ಉಳಿದದ್ದೂ ಕತ್ತರಿಸಿ. ಇವತ್ತೇ.

ಬಾಗೇವಾಡಿ_ರೈತ

ನಾನು ಒಪ್ಪುವುದಿಲ್ಲ. ನಾನು ಐದು ವರ್ಷದ ಹಿಂದೆ ಒಂದು ಕುಡಿಯನ್ನೂ ಚಿವುಟಲಿಲ್ಲ. ಬಗ್ಗಿಸಿ ಕಟ್ಟಿದೆ, ಓಡಿತು, ಮೊದಲ ಅಕ್ಟೋಬರ್ ಚಾಟ್ನಿಗೇ (ಬಳ್ಳಿ ಸವರುವುದಕ್ಕೇ) ಬೆಳೆ ಹಿಡಿದೆ. ಸಾಲ ತೀರಿಸಬೇಕಾದವನಿಗೆ ಮೊದಲ ಬೆಳೆ ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ನಿಮ್ಮ ಅಪ್ಪನವರ ಸಂಕಟ ನನಗೆ ಅರ್ಥ ಆಗುತ್ತೆ. ಆಂಗಲ್, ತಂತಿ, ಡ್ರಿಪ್, ಕಸಿ, ಎಲ್ಲದಕ್ಕೂ ದುಡ್ಡು ಹಾಕಿದ ಮೇಲೆ ಬೆಳೆದ ಕುಡಿಯನ್ನು ನೆಲಕ್ಕೆ ಬೀಳಿಸುವುದು ಅಂದರೆ ಹೊಟ್ಟೆಯಲ್ಲಿ ಉರಿ ಬೀಳುತ್ತೆ.

ಅಥಣಿ_ಗಡಿ

ಬಾಗೇವಾಡಿ ಅಣ್ಣ, ಒಂದು ಪ್ರಶ್ನೆ. ನಿಮ್ಮ ಪಡದಲ್ಲಿ ಈಗ ಓಲಾಂಡಾ ಹೇಗಿದೆ? ಬೊಡ್ಡೆಯ ಹತ್ತಿರ ಕಾಡಿ ಇವೆಯಾ, ಇಲ್ಲ ಬರೀ ತುದಿಗೆ ಇವೆಯಾ?

(ಹೊಸಬರಿಗೆ: ತಂತಿಗುಂಟ ಮಲಗಿಸುವ ತೋಳಿಗೆ ನಾವು ತೆಲಸಂಗ ಕಡೆ ಓಲಾಂಡಾ ಅಂತೀವಿ. ಮರಾಠಿಯಿಂದ ಬಂದ ಮಾತು. ಅದರ ಮೇಲೆ ನಿಲ್ಲುವ, ಹಣ್ಣು ಬಿಡುವ ಕಡ್ಡಿ ಕಾಡಿ.)

ಬಾಗೇವಾಡಿ_ರೈತ

ಕಾಡಿ ಇವೆ. ಬೆಳೆ ಬರುತ್ತಿದೆ. ಅಷ್ಟು ಸಾಕಲ್ವಾ?

ಕಾಡಿ_ಲೆಕ್ಕ

ನಾನು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವನು. ಈಗ ಮನೆಯ ಪಡವನ್ನೇ ನೋಡಿಕೊಳ್ಳುತ್ತೇನೆ. ಇದು ಯಾಕೆ ಹೀಗೆ ಅಂತ ಒಮ್ಮೆ ಅರ್ಥ ಆದರೆ ಕತ್ತರಿ ಹಿಡಿದ ಕೈ ನಡುಗುವುದಿಲ್ಲ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬಳ್ಳಿ ಕಾಡಿನ ಗಿಡ. ಕಾಡಿನಲ್ಲಿ ಅದಕ್ಕೆ ಇರುವುದು ಒಂದೇ ಕೆಲಸ: ಪಕ್ಕದ ಮರ ಹತ್ತಿ ಬಿಸಿಲು ಮುಟ್ಟುವುದು. ಅದಕ್ಕೆ ತುದಿಯ ಕುಡಿ ಆಕ್ಸಿನ್ ಎಂಬ ರಸ ತಯಾರಿಸಿ ಕೆಳಗೆ ಕಳಿಸುತ್ತೆ. ಆ ರಸ ಇಳಿಯುತ್ತಿರುವ ತನಕ ಪಕ್ಕದ ಕಣ್ಣುಗಳು ಮಲಗಿಯೇ ಇರುತ್ತವೆ. ತುದಿ ತೆಗೆದ ಮೇಲೆ ಅವು ಏಳುತ್ತವೆ. ಇಷ್ಟೇ ವಿಷಯ.

ತುದಿಯನ್ನು ಓಡಲು ಬಿಟ್ಟರೆ ಮೂರು ನಷ್ಟ ಆಗುತ್ತೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಜಾಸ್ತಿ ಆಗುತ್ತೆ. ಕಣ್ಣು ಬಡವಾಗುತ್ತವೆ, ಎಷ್ಟೋ ಕಣ್ಣು ಕುರುಡಾಗಿ ಉಳಿಯುತ್ತವೆ. ಮುಂದೆ ಚಾಟ್ನಿ ಮಾಡಿದಾಗ ತುದಿಯ ಕಣ್ಣುಗಳೇ ಮೊದಲು ಒಡೆದು ಬೊಡ್ಡೆ ಕಡೆ ಬೋಳಾಗುತ್ತೆ. ಒಂದು ಗಿಡಕ್ಕೆ ಐದು ಅಡಿ ಜಾಗ ಕೊಟ್ಟಿದ್ದೀರಿ. ಅಂದರೆ ಪ್ರತಿ ತೋಳಿಗೆ ಎರಡೂವರೆ ಅಡಿ, 30 ಇಂಚು. ಗೆಣ್ಣಿನ ಅಂತರ ಎರಡು, ಎರಡೂವರೆ ಇಂಚು ಇದ್ದರೆ ಒಂದು ತೋಳಿನಲ್ಲಿ 12ರಿಂದ 15 ಕಾಡಿ. ಅದೇ ಅಂತರ ನಾಲ್ಕೂವರೆ ಇಂಚಾದರೆ ಆರೋ ಏಳೋ. ಗಿಡ ಅದೇ, ನೀರು ಅದೇ, ಗೊಬ್ಬರ ಅದೇ. ಕಾಡಿ ಮಾತ್ರ ಅರ್ಧ. ಈ ತೋಳು ಮುಂದೆ ಹತ್ತು ಹನ್ನೆರಡು ವರ್ಷ ಅಲ್ಲೇ ಇರುತ್ತೆ, ವರ್ಷಕ್ಕೊಮ್ಮೆ ಬದಲಾಯಿಸುವ ವಸ್ತು ಅಲ್ಲ.

ಅದಕ್ಕೇ ನಮ್ಮಲ್ಲಿ ಎಲ್ಲರೂ "ಸ್ಟಾಪ್ ಅಂಡ್ ಗೋ" ಅನ್ನುವುದು. ತೋಳಿನ ಕುಡಿಗೆ 9-10 ಎಲೆ ಬಂದಾಗ 6-7 ಎಲೆಗೆ ಚಿವುಟಿ. ಪಕ್ಕದ ಕಣ್ಣು ಒಡೆಯುತ್ತವೆ. ತುದಿಯ ಕಡೆಯದನ್ನು ಮಾತ್ರ ಮುಂದೆ ಬಿಡಿ, ಉಳಿದವು ಮೇಲಕ್ಕೆ ಕಾಡಿಯಾಗಲಿ. ಅದು ಮತ್ತೆ 9-10 ಎಲೆ ಆದಾಗ ಮತ್ತೆ ಚಿವುಟಿ. ನಿಮ್ಮ 5 ಅಡಿಗೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಪಕ್ಕದವರಿಗಿಂತ ಮೂರು ವಾರ ತಡ ಆಗಬಹುದು, ಅಷ್ಟೇ.

ಹೊಸಪಡ_ತಿಕೋಟಾ

ತುಂಬಾ ಉಪಕಾರ ಸರ್. ಇದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಎರೆಹೊಲ ಕಾಕಾ, ನಾನು ತಮ್ಮ ಅಲ್ಲ, ತಂಗಿ. ನಾಲ್ಕು ವರ್ಷ ಪುಣೆಯಲ್ಲಿ ಕೆಲಸ ಮಾಡಿ ಈಗ ಊರಲ್ಲಿದ್ದೇನೆ.

ಎರೆಹೊಲ_ಬಬಲೇಶ್ವರ

ಬಹಳ ಸಂತೋಷ ಆಯಿತು ತಂಗಿ. ಹಾಗಾದರೆ ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪುಸ್ತಕದಲ್ಲಿ ಇರದ ಮಾತು.

ಒಂದೇ ದಿನ ಎಲ್ಲ 1,300 ಗಿಡ ಕತ್ತರಿಸಲು ಹೋಗಬೇಡ. ತಂತಿ ಮುಟ್ಟದ ಗಿಡ ಇರುತ್ತವಲ್ಲ, ಅವಕ್ಕೆ ಕೈ ಹಚ್ಚಬೇಡ. ಆಳುಗಳಿಗೆ ಹೇಳಿದರೆ ಸಾಲಿನ ಎಲ್ಲ ಗಿಡವನ್ನೂ ಸಮ ಮಾಡಿ ಬಿಡುತ್ತಾರೆ. ಬೆನ್ನು ಹತ್ತಿ ನಿಲ್ಲಬೇಕು. ತಂತಿ ದಾಟಿದ ಗಿಡದಲ್ಲಿ ತಂತಿಯಿಂದ ಒಂದು ಗೇಣು ಕೆಳಗೆ ನೋಡು. ಎದುರು ಬದುರು ಇಲ್ಲವೇ ಹತ್ತಿರ ಹತ್ತಿರ ಇರುವ ಎರಡು ಒಳ್ಳೆ ಕಣ್ಣು ಆರಿಸು. ಮೇಲಿನ ಕಣ್ಣಿನ ಮೇಲೆ ಅರ್ಧ ಇಂಚು ಬಿಟ್ಟು ಕತ್ತರಿಸು. ತಂತಿಯ ಮಟ್ಟಕ್ಕೇ ಕತ್ತರಿಸಿದರೆ ತೋಳು ಬಗ್ಗುವಾಗ ಮೊಣಕೈ ಹಾಗೆ ಮೇಲೆ ಎದ್ದು ನಿಲ್ಲುತ್ತೆ, ಅಲ್ಲಿಂದಲೇ ಗುಂಪಾಗಿ ಚಿಗುರು ಬರುತ್ತೆ.

ಕಾಂಡದ ಮೇಲಿನ ಎಲೆ ಒಂದನ್ನೂ ಕೀಳಬೇಡ. ಬಗಲು ಕುಡಿ ಬಂದಿದ್ದರೆ ಎರಡು ಎಲೆ ಇಟ್ಟು ತುದಿ ಚಿವುಟು. ಆ ಎಲೆಗಳೇ ಕಾಂಡವನ್ನು ದಪ್ಪ ಮಾಡುತ್ತವೆ. ಎಷ್ಟೋ ಜನ ಬೊಡ್ಡೆ ಸ್ವಚ್ಛ ಕಾಣಲಿ ಅಂತ ಪೂರಾ ಬೋಳಿಸಿ, ಆಮೇಲೆ ಕಾಂಡ ಬೆರಳಿನಷ್ಟೇ ಉಳಿಯಿತು ಅಂತ ಅಳುತ್ತಾರೆ. ಕಸಿ ಗಂಟಿನ ಕೆಳಗೆ ಡಾಗ್‌ರಿಜ್ ಚಿಗುರು ಬಂದರೆ ಮಾತ್ರ ಎಳೆಯದಿರುವಾಗಲೇ ಕಿತ್ತು ಹಾಕು, ಇಲ್ಲವೆಂದರೆ ಅದೇ ಯಜಮಾನ ಆಗುತ್ತೆ.

ಎರೆಹೊಲ_ಬಬಲೇಶ್ವರ

ಮೇಲೆ ತಪ್ಪು ಬಿದ್ದಿದೆ. "ಎಳೆಯದಿರುವಾಗಲೇ" ಅಲ್ಲ, "ಎಳೆಯದಾಗಿರುವಾಗಲೇ" ಕಿತ್ತು ಹಾಕು.

ಚಿಕ್ಕಬಳ್ಳಾಪುರ_ಚಪ್ಪರ

ನಮ್ಮ ಕಡೆ ಬೆಂಗಳೂರು ಬ್ಲೂ, ದಿಲ್‌ಖುಷ್ ಎಲ್ಲ ಚಪ್ಪರದ ಮೇಲೆ. ಆಳೆತ್ತರಕ್ಕೆ ಒಂದೇ ಕಾಂಡ ಬಿಟ್ಟು ಆಮೇಲೆ ಹರಡುತ್ತೇವೆ. ನೀವು ಯಾಕೆ 4 ಅಡಿಗೇ ನಿಲ್ಲಿಸುತ್ತೀರಿ?

ಅಥಣಿ_ಗಡಿ

ವೈ ಪದ್ಧತಿಯಲ್ಲಿ ಕಾಡಿ ಎರಡೂ ಕಡೆ ಓರೆಯಾಗಿ ಮೇಲೆ ಹೋಗುತ್ತವೆ. ಗೊನೆ ಎದೆ ಮಟ್ಟಕ್ಕೆ ತೂಗುತ್ತೆ. ಜಿಎ (ಕಾಳು ದಪ್ಪ ಮಾಡುವ ಔಷಧ) ಅದ್ದುವುದು, ಕಾಳು ಬಿಡಿಸುವುದು, ಔಷಧ ಹೊಡೆಯುವುದು, ಎಲ್ಲ ನಿಂತಲ್ಲೇ ಆಗುತ್ತೆ. ಗಾಳಿ ಆಡುವುದರಿಂದ ಡೌನಿ ರೋಗದ ಕಾಟವೂ ಕಡಿಮೆ. ಆದರೆ ಚಪ್ಪರದಲ್ಲಿ ಬಿಸಿಲಿಗೆ ಗೊನೆ ಸುಡುವುದಿಲ್ಲ, ಅದು ನಿಮ್ಮ ಲಾಭ. ನಮ್ಮ ಬಿಸಿಲು ಗೊತ್ತಲ್ಲ!

ಟೋಳಿ_ಜಮಖಂಡಿ

ನಾನು ಪಡದ ಯಜಮಾನ ಅಲ್ಲ, ಚಾಟ್ನಿ ಟೋಳಿಯಲ್ಲಿ (ಆಳುಗಳ ತಂಡದಲ್ಲಿ) ದುಡಿಯುವವನು. ಹನ್ನೊಂದು ವರ್ಷ ಆಯಿತು. ತಿಕೋಟಾ, ಬಬಲೇಶ್ವರ, ಅಥಣಿ, ಆಚೆ ತಾಸಗಾಂವ ತನಕ ಹೋಗಿ ಬಂದಿದ್ದೇವೆ. ನಮ್ಮ ಕೈಯಿಂದ ಹಾದು ಹೋದ ಗಿಡ ಲೆಕ್ಕ ಇಲ್ಲ. ಅದಕ್ಕೆ ಹೇಳುತ್ತೇನೆ.

ಓಡಿಸಿ ಬೆಳೆಸಿದ ಪಡಕ್ಕೆ ಚಾಟ್ನಿಗೆ ಹೋದರೆ ನಮಗೆ ನೋಡಿದ ಕೂಡಲೇ ಗೊತ್ತಾಗುತ್ತೆ. ಬೊಡ್ಡೆಯಿಂದ ಒಂದು ಮೊಳ ಬರೀ ಕಟ್ಟಿಗೆ. ಆಮೇಲೆ ತುದಿಗೆ ಪೊರಕೆ ಕಟ್ಟಿದ ಹಾಗೆ ಕಾಡಿ ಗುಂಪು. ಅಲ್ಲಿ ಗೊನೆ ಒಂದರ ಮೇಲೊಂದು ಬೀಳುತ್ತವೆ, ಒಳಗೆ ಔಷಧ ಮುಟ್ಟುವುದಿಲ್ಲ. ಯಜಮಾನರು "ಖಾಲಿ ಜಾಗಕ್ಕೆ ಕಾಡಿ ತರಿಸಿ" ಅನ್ನುತ್ತಾರೆ. ಇಲ್ಲದ ಕಣ್ಣನ್ನು ನಾವು ಎಲ್ಲಿಂದ ತರಿಸೋಣ?

ಇನ್ನೊಂದು. ತೋಳನ್ನು ತಂತಿಗೆ ಸುತ್ತಬೇಡಿ. ಹೊಸಬರು ಎಲ್ಲರೂ ಸುತ್ತುತ್ತಾರೆ, ಗಟ್ಟಿಯಾಗಿ ನಿಲ್ಲಲಿ ಅಂತ. ಎರಡು ವರ್ಷಕ್ಕೆ ತೋಳು ದಪ್ಪ ಆಗಿ ತಂತಿ ಒಳಗೆ ಹೂತು ಹೋಗುತ್ತೆ, ಮುಂದಿನ ಭಾಗಕ್ಕೆ ರಸ ಹೋಗುವುದಿಲ್ಲ. ತಂತಿಯ ಪಕ್ಕಕ್ಕೆ ಇಟ್ಟು ಸುತಳಿಯಿಂದ ಕಟ್ಟಿ. ಸುತಳಿಯನ್ನು ಎಂಟರ ಆಕಾರದಲ್ಲಿ ತಿರುವಿ: ಒಂದು ಸುತ್ತಿನಲ್ಲಿ ತಂತಿ, ಇನ್ನೊಂದರಲ್ಲಿ ಕುಡಿ, ನಡುವೆ ಸುತಳಿಯ ಗಂಟು. ಕುಡಿಯ ಸುತ್ತಿನಲ್ಲಿ ನಿಮ್ಮ ಕಿರುಬೆರಳು ಸಡಿಲವಾಗಿ ಹೋಗಬೇಕು. ಪ್ಲಾಸ್ಟಿಕ್ ದಾರ ಬೇಡ. ಅದು ಕೊಳೆಯುವುದಿಲ್ಲ, ಕುಡಿಯನ್ನೇ ಕೊಯ್ಯುತ್ತೆ.

ಬಗ್ಗಿಸುವುದು ಮಧ್ಯಾಹ್ನ. ಬೆಳಗ್ಗೆ ಕುಡಿಯಲ್ಲಿ ನೀರು ತುಂಬಿರುತ್ತೆ, ಲಟಕ್ ಅಂತ ಮುರಿಯುತ್ತೆ. ಹೊತ್ತು ಏರಿದ ಮೇಲೆ ಸ್ವಲ್ಪ ಬಾಡಿ ಮೆತ್ತಗಾಗುತ್ತೆ, ಆಗ ಹೇಳಿದ ಮಾತು ಕೇಳುತ್ತೆ.

ಹೊಸಪಡ_ತಿಕೋಟಾ

ಅಣ್ಣ, ಈ ಮಧ್ಯಾಹ್ನದ ಮಾತು ಯಾರೂ ಹೇಳಿರಲಿಲ್ಲ. ನಾನು ಬೆಳಗ್ಗೆ 7ಕ್ಕೆ ಬಗ್ಗಿಸಲು ಹೋಗಿ ನಾಲ್ಕು ಮುರಿದಿದ್ದೇನೆ.

ಮುಧೋಳ_ದಾಳಿಂಬೆ

ದ್ರಾಕ್ಷಿ ಗೊತ್ತಿಲ್ಲ, ಆದರೆ ದಾಳಿಂಬೆಯಲ್ಲೂ ಇದೇ ಜಗಳ. ಒಂದೇ ಕಾಂಡ ಬಿಡಬೇಕಾ, ಮೂರು ನಾಲ್ಕು ಬಿಡಬೇಕಾ? ನಾವು ನೋಡಲು ಚೆಂದ ಅಂತ ಒಂದೇ ಕಾಂಡ ಬಿಟ್ಟೆವು. ಕಾಂಡ ಕೊರೆಯುವ ಹುಳ ಬಂತು, ಗಿಡವೇ ಹೋಯಿತು. ಈಗ ಬುಡದಿಂದ ಮೂರು ನಾಲ್ಕು ಕಾಂಡ ಬಿಡುತ್ತೇವೆ. ಒಂದು ಹೋದರೆ ಉಳಿದವು ಇರುತ್ತವೆ.

ಇಂಡಿ_ಲಿಂಬಿ

ಲಿಂಬೆಗೆ ಬಂದರೆ ನೆಲದಿಂದ ಎರಡು ಅಡಿ ತನಕ ಬುಡ ಖಾಲಿ ಇಡುತ್ತೇವೆ. ನೀರು ಚಿಗುರು ಬಂದರೆ ಕೈಯಲ್ಲೇ ಮುರಿಯುವುದು. ಅವು ನೆಟ್ಟಗೆ ಬಾಣದ ಹಾಗೆ ಮೇಲೆ ಹೋಗುತ್ತವೆ, ಮುಳ್ಳು ಜಾಸ್ತಿ, ಕಾಯಿ ಇಲ್ಲ. ನಮ್ಮ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದ ಮೇಲೆ ಹೊಸಬರು ಬಹಳ ಜನ ಹಚ್ಚುತ್ತಿದ್ದಾರೆ, ಆದರೆ ಮೊದಲ ಎರಡು ವರ್ಷ ಗಿಡಕ್ಕೆ ಆಕಾರ ಕೊಡುವುದು ಯಾರಿಗೂ ಬೇಕಾಗಿಲ್ಲ.

ಸಿಂದಗಿ_ಎರೆಮಣ್ಣು

ಕುಡಿ ಚಿವುಟುವುದು ಹೊಸ ವಿದ್ಯೆ ಅಂತ ಹೇಳಬೇಡಿ. ನಮ್ಮ ಅಮ್ಮ, ಅಜ್ಜಿ ಎಲ್ಲ ಕಡ್ಲಿ ಹೊಲದಲ್ಲಿ ಮಾಡುತ್ತಿದ್ದದ್ದು ಇದೇ ಅಲ್ವಾ? ಬಿತ್ತಿ ತಿಂಗಳಾದ ಮೇಲೆ ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಹೋಗಿ ಕುಡಿ ಚಿವುಟುತ್ತಿದ್ದರು. ಮನೆಗೆ ಕಡ್ಲಿ ಪಲ್ಯ, ಗಿಡಕ್ಕೆ ಹತ್ತು ಕವಲು. ಹೂ ಬರುವ ಮೊದಲು ಮುಗಿಸಬೇಕು, ಆಮೇಲೆ ಚಿವುಟಿದರೆ ಕಾಯಿ ಹೋಗುತ್ತೆ. ಒಂದು ಸಾಲು ಮುಗಿಯುವಷ್ಟರಲ್ಲಿ ಬೆರಳ ತುದಿಯ ಸಂದಿಗೆ ಹುಳಿ ಇಳಿದು ಚುರುಚುರು ಅನ್ನುತ್ತಿತ್ತು. ಅಜ್ಜಿ ನಸುಕಿನಲ್ಲಿ ಗಿಡದ ಮೇಲೆ ಬಿಳಿ ಬಟ್ಟೆ ಎಳೆದು ಆ ಹುಳಿ ಹಿಂಡಿ ಬಾಟಲಿಯಲ್ಲಿ ಇಡುತ್ತಿದ್ದಳು, ಹೊಟ್ಟೆನೋವಿಗೆ.

ಹೊಸಪಡ ಅಕ್ಕ, ನಿಮ್ಮ ಅಪ್ಪನವರಿಗೆ ಕಡ್ಲಿ ನೆನಪು ಮಾಡಿ. ಆಕ್ಸಿನ್ ಅಂದರೆ ಅವರು ಕೇಳಲಿಕ್ಕಿಲ್ಲ. ಕಡ್ಲಿ ಕುಡಿ ಅಂದರೆ ಕೇಳುತ್ತಾರೆ.

ಅಥಣಿ_ಗಡಿ

ತೊಗರಿಯಲ್ಲೂ ಈಗ ಎಲ್ಲರೂ ಕುಡಿ ಕತ್ತರಿಸುತ್ತಾರೆ, 50 ದಿನದ ಆಸುಪಾಸು. ಅದಕ್ಕೆ ಬ್ಯಾಟರಿ ಮಷಿನ್ ಸಹ ಬಂದಿದೆ.

ಇಂಡಿ_ಲಿಂಬಿ

ಕಡ್ಲಿ ಪಲ್ಯ, ಬಿಸಿ ಜೋಳದ ರೊಟ್ಟಿ, ಮೇಲೆ ಹಸಿ ಉಳ್ಳಾಗಡ್ಡಿ. ಇದನ್ನು ಓದಿ ಊಟ ನೆನಪಾಯಿತು.

ಮಸಾರಿ_ಕೊಲ್ಹಾರ

ಇಷ್ಟೆಲ್ಲ ಕಷ್ಟ ಯಾಕೆ? ಬೆಳವಣಿಗೆ ತಡೆಯುವ ಔಷಧ ಸಿಸಿಸಿ ಹೊಡೆಯಿರಿ. ಎರಡು ಸಲ ಹೊಡೆದರೆ ಕುಡಿ ತಾನೇ ನಿಲ್ಲುತ್ತೆ, ಗೆಣ್ಣು ಹತ್ತಿರ ಆಗುತ್ತೆ. ಆಳೂ ಬೇಡ, ಕೂಲಿಯೂ ಬೇಡ.

ಕಾಡಿ_ಲೆಕ್ಕ

ದಯವಿಟ್ಟು ಇದನ್ನು ಹೊಸಬರಿಗೆ ಹೇಳಬೇಡಿ. 2010ರಲ್ಲಿ ಯುರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಇದೇ ಸಿಸಿಸಿ ಅಂಶ ಸಿಕ್ಕಿ ಮಾಲು ತಿರಸ್ಕಾರ ಆಯಿತು. ಎಷ್ಟು ಬೆಳೆಗಾರರು ಮುಳುಗಿದರು ಅಂತ ಹಳಬರನ್ನು ಕೇಳಿ. ಅದು ಬಳ್ಳಿಯ ಒಳಗೆ ಉಳಿಯುತ್ತೆ. ಹಣ್ಣಿಗೆ ಹೊಡೆಯದಿದ್ದರೂ ಹಣ್ಣಿನಲ್ಲಿ ಸಿಗಬಹುದು. ಹೆಬ್ಬೆರಳಿನ ಉಗುರು ಮಾಡುವ ಕೆಲಸಕ್ಕೆ ವಿಷ ಯಾಕೆ?

ಮಸಾರಿ_ಕೊಲ್ಹಾರ

ನಾನು ಮಣುಕ (ಒಣದ್ರಾಕ್ಷಿ) ಮಾಡುವವನು, ಎಕ್ಸ್‌ಪೋರ್ಟ್ ಮಾಡುವುದಿಲ್ಲ.

ಕಾಡಿ_ಲೆಕ್ಕ

ಮಣುಕ ಮಾಡಿದರೆ ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುತ್ತೆ. ಇದ್ದ ಅಂಶ ಗಟ್ಟಿಯಾಗುತ್ತೆ ಅಂತ ಯೋಚನೆ ಮಾಡಿ ಅಣ್ಣ. ಅದನ್ನು ತಿನ್ನುವವರು ನಮ್ಮ ಮಕ್ಕಳೇ.

ಮಸಾರಿ_ಕೊಲ್ಹಾರ

ಈ ದಿಕ್ಕಿನಲ್ಲಿ ನಾನು ಯೋಚಿಸಿರಲಿಲ್ಲ. ಸರಿ.

ಎರೆಹೊಲ_ಬಬಲೇಶ್ವರ

ಓಟ ಕಡಿಮೆ ಮಾಡಬೇಕಾದರೆ ಮೊದಲು ಯೂರಿಯಾ ನಿಲ್ಲಿಸಿ, ನೀರು ಸ್ವಲ್ಪ ಬಿಗಿ ಮಾಡಿ. ಡಾಗ್‌ರಿಜ್ ಅಮೆರಿಕದ ಟೆಕ್ಸಾಸ್ ಕಡೆಯ ಕಾಡುಬಳ್ಳಿಯಿಂದ ಬಂದದ್ದು. ಬರ ತಡೆಯುತ್ತೆ, ಸವುಳು ನೀರು ತಡೆಯುತ್ತೆ, ಅದಕ್ಕೇ ನಮ್ಮ ಜಿಲ್ಲೆಗೆ ಒಗ್ಗಿತು. ಆದರೆ ಅದಕ್ಕೆ ಸೊಕ್ಕು ಜಾಸ್ತಿ. ಇದರ ಮೇಲೆ ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಯೂರಿಯಾ ಬಿಟ್ಟರೆ ಬಳ್ಳಿ ಓಡದೆ ಏನು ಮಾಡುತ್ತೆ? 110ಆರ್ ಅನ್ನುವ ಬೇರುಗಿಡದ ಮೇಲೆ ಕಸಿ ಕಟ್ಟಿದವರಿಗೆ ಇಷ್ಟು ಓಟ ಇರುವುದಿಲ್ಲ.

ತಂಗಿ, ಯೂರಿಯಾ ಎಷ್ಟು ಬಿಡುತ್ತಿದ್ದೀ?

ಹೊಸಪಡ_ತಿಕೋಟಾ

ಅಂಗಡಿಯವರು ಬರೆದುಕೊಟ್ಟ ಪಟ್ಟಿಯ ಪ್ರಕಾರ ವಾರಕ್ಕೆ ಎರಡು ಸಲ ಬಿಡುತ್ತಿದ್ದೆವು ಕಾಕಾ. ಇವತ್ತಿನಿಂದ ಬಂದ್.

ಟೋಳಿ_ಜಮಖಂಡಿ

ಅದೇ ಕಾರಣ.

ಬಾಗೇವಾಡಿ_ರೈತ · ಮಾರ್ಚ್ 25

ಅಥಣಿ ಅಣ್ಣ ಮೊನ್ನೆ ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕೋಪ ಬಂದಿತ್ತು. ಇವತ್ತು ಬೆಳಗ್ಗೆ ಪಡದಲ್ಲಿ ಒಂದು ಸಾಲಿಗೆ ಇಳಿದು 20 ಗಿಡ ಒಂದೊಂದಾಗಿ ನೋಡಿದೆ. ಮೊಳ ಅಲ್ಲ, ಟೇಪ್ ಹಿಡಿದು ಅಳೆದೆ. 13 ಗಿಡದಲ್ಲಿ ಬೊಡ್ಡೆಯಿಂದ ಒಂದು ಅಡಿಗಿಂತ ಜಾಸ್ತಿ ಖಾಲಿ ಇದೆ, ಒಂದು ಕಾಡಿಯೂ ಇಲ್ಲ. ಒಂದು ಗಿಡಕ್ಕೆ 28 ಕಾಡಿ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಎಣಿಸಿದರೆ 16, 17, 15. ಒಂದರಲ್ಲಿ ಮಾತ್ರ 22.

ಮೊದಲ ಬೆಳೆ ಬೇಗ ಬಂದದ್ದು ನಿಜ. ಆದರೆ ಅದು ಹಗುರ ಬೆಳೆ. ಎರಡನೇ ವರ್ಷದಿಂದ ಪಕ್ಕದ ಊರಿನ ನನ್ನ ಅಳಿಯನ ಪಡಕ್ಕಿಂತ ಎಕರೆಗೆ ಕಡಿಮೆಯೇ ಬಂದಿದೆ. ನಾನು ಅದಕ್ಕೆ ನೀರು ಕಾರಣ, ಮಣ್ಣು ಕಾರಣ ಅಂತ ಅಂದುಕೊಂಡಿದ್ದೆ.

ಈಗ ಇದಕ್ಕೆ ಏನಾದರೂ ದಾರಿ ಇದೆಯಾ?

ಅಥಣಿ_ಗಡಿ

ಎಣಿಸಿ ಬಂದು ಹೇಳಿದ್ದಕ್ಕೆ ದೊಡ್ಡ ನಮಸ್ಕಾರ ಅಣ್ಣ. ದಾರಿ ಇದೆ. ಏಪ್ರಿಲ್ ಚಾಟ್ನಿಯಲ್ಲಿ ಬೊಡ್ಡೆಯ ಹತ್ತಿರ ಬರುವ ಒಂದು ಗಟ್ಟಿ ಚಿಗುರನ್ನು ಉಳಿಸಿ. ಅದನ್ನು ಹಂತ ಹಂತವಾಗಿ ಚಿವುಟುತ್ತಾ ಹಳೆ ಓಲಾಂಡಾ ಪಕ್ಕದಲ್ಲೇ ಮಲಗಿಸಿ. ಅದು ಗಟ್ಟಿಯಾದ ಮೇಲೆ ಹಳೆಯದನ್ನು ತೆಗೆಯಿರಿ. ಈ ವರ್ಷ ಎಡ, ಮುಂದಿನ ವರ್ಷ ಬಲ. ಹೀಗೆ ಮಾಡಿದರೆ ಬೆಳೆ ಪೂರಾ ನಿಲ್ಲುವುದಿಲ್ಲ. ನಾವು 200 ಗಿಡಕ್ಕೆ ಮಾಡಿದ್ದೇವೆ.

ಟೋಳಿ_ಜಮಖಂಡಿ

ಖಾಲಿ ಜಾಗದಲ್ಲಿ ಸಣ್ಣ ಉಬ್ಬು ಕಂಡರೆ ಅದರ ಮೇಲೂ ಕಣ್ಣು ಒಡೆಸುವ ಔಷಧ ಡಾರ್ಮೆಕ್ಸ್ ಹಚ್ಚಿ ನೋಡಿ. ಹತ್ತರಲ್ಲಿ ಎರಡೋ ಮೂರೋ ಏಳುತ್ತವೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಅದು ಚರ್ಮ ಸುಡುತ್ತೆ. ಹಚ್ಚಿದ ದಿನ, ಅದರ ಹಿಂದೆ ಮುಂದೆ ಕೆಲವು ದಿನ ಸೆರೆ (ಮದ್ಯ) ಕುಡಿಯಬಾರದು. ನಮ್ಮ ಟೋಳಿಯ ಒಬ್ಬನಿಗೆ ಮೈಯೆಲ್ಲ ಕೆಂಪಾಗಿ ಉಸಿರು ಸಿಕ್ಕಿಕೊಂಡು ದವಾಖಾನೆಗೆ ಒಯ್ದಿದ್ದೆವು. ಇದನ್ನು ಯಾವ ಯಜಮಾನರೂ ಆಳುಗಳಿಗೆ ಹೇಳುವುದಿಲ್ಲ. ದಯವಿಟ್ಟು ಹೇಳಿ.

ಕಾಡಿ_ಲೆಕ್ಕ

ಟೋಳಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಡಾರ್ಮೆಕ್ಸ್‌ನಲ್ಲಿರುವ ಹೈಡ್ರೋಜನ್ ಸೈನಮೈಡ್ ಮೈಯಲ್ಲಿ ಇರುವಾಗ ಸೆರೆ ಸೇರಿದರೆ ಅಪಾಯ. ಎಲ್ಲರೂ ಇದನ್ನು ನಿಮ್ಮ ಆಳುಗಳಿಗೆ ಓದಿ ಹೇಳಿ.

ಮುಧೋಳ_ದಾಳಿಂಬೆ

ಬೆಳೆ ಬಗ್ಗೆ ಇಷ್ಟು ಮಾತಾಡುತ್ತೇವೆ, ದುಡಿಯುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇದು ಬೇರೆ ಚರ್ಚೆಯಾಗಿಯೇ ಬರಬೇಕು.

ಹೊಸಪಡ_ತಿಕೋಟಾ · ಏಪ್ರಿಲ್ 11

ಎಲ್ಲರಿಗೂ ಒಂದು ಸುದ್ದಿ ಕೊಡಬೇಕು.

ಮಾರ್ಚ್ 23ರಿಂದ ನಾಲ್ಕು ದಿನ ಹಿಡಿದು ತಂತಿ ದಾಟಿದ ಗಿಡಗಳನ್ನು ಮಾತ್ರ ಕತ್ತರಿಸಿದೆವು. ಕತ್ತರಿಸಿದ ಕಡೆ ನೀರು ಜಿನುಗಿ ಹನಿ ಹನಿ ಬೀಳುತ್ತಿತ್ತು. ಅದನ್ನು ನೋಡಿ ಅಪ್ಪ ಮತ್ತೆ ಮುಖ ತಿರುಗಿಸಿಕೊಂಡು ಹೋದರು. ಆ ರಾತ್ರಿ ನಾನು ಕಡ್ಲಿ ಮಾತು ತೆಗೆದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ನಮ್ಮವ್ವ ಚಿವುಟದೆ ಬಿಟ್ಟ ಸಾಲು ಯಾವಾಗಲೂ ಎತ್ತರ ಇರುತ್ತಿತ್ತು, ಕಾಯಿ ಕಡಿಮೆ" ಅಂದರು. ಅಷ್ಟೇ. ಸಿಂದಗಿ ಅಕ್ಕ, ನಿಮಗೆ ಹೇಗೆ ಉಪಕಾರ ಹೇಳಲಿ ಗೊತ್ತಾಗುತ್ತಿಲ್ಲ.

ಆರನೇ ದಿನಕ್ಕೆ ಎಲೆಯ ಬುಡದಲ್ಲಿ ಕಣ್ಣು ಉಬ್ಬಿದವು. ಮೊದಲು ಗೋಧಿ ಕಾಳಿನಷ್ಟು, ತುದಿ ಸ್ವಲ್ಪ ಗುಲಾಬಿ. ಮೈಮೇಲೆ ಬಿಳಿ ನವಿರು ಇತ್ತು, ಮುಟ್ಟಿದರೆ ಹತ್ತಿಯ ಹಾಗೆ. ಹತ್ತನೇ ದಿನಕ್ಕೆ ಎರಡು ಎಲೆ ಬಿಚ್ಚಿದವು. ಈಗ ತೋಳುಗಳು ತಂತಿ ಹಿಡಿದಿವೆ. ಮೊದಲು ಕತ್ತರಿಸಿದ ಎರಡು ಸಾಲಿನಲ್ಲಿ 9 ಎಲೆ ಆಗಿದ್ದವು, ಮೊನ್ನೆ 7ಕ್ಕೆ ಚಿವುಟಿದ್ದೇನೆ. ಗೆಣ್ಣಿನ ನಡುವೆ ಬೆರಳಿಟ್ಟು ಅಳೆದೆ, ಮೂರು ಬೆರಳು. ಪಕ್ಕದ ಹೊಲದಲ್ಲಿ ಅನುಮತಿ ಕೇಳಿ ಅಳೆದೆ, ಆರು ಬೆರಳು. ಪಕ್ಕದ ಕಾಕಾ ಅದನ್ನು ನೋಡುತ್ತಾ ನಿಂತಿದ್ದರು. ನಿನ್ನೆ ಸಂಜೆ ಬಂದು "ನಮ್ಮದೂ ಒಂದು ಸಾಲು ಕತ್ತರಿಸಿ ನೋಡೋಣವಾ?" ಅಂತ ಕೇಳಿದರು.

ಒಂದು ತೊಂದರೆ ಮಾತ್ರ ಇದೆ. ಬಿಸಿಲು 40 ದಾಟಿದೆ. ತಂತಿ ಮಧ್ಯಾಹ್ನ ಮುಟ್ಟಲು ಆಗುವುದಿಲ್ಲ. ತಂತಿಗೆ ತಾಗಿದ ಕಡೆ ನಾಲ್ಕೈದು ಕುಡಿಗೆ ಕಂದು ಕಲೆ ಬಿದ್ದಿದೆ.

ಎರೆಹೊಲ_ಬಬಲೇಶ್ವರ

ಕುಡಿ ತಂತಿಯ ಮೇಲೆ ಮಲಗದೆ ಕೆಳಗೆ ತೂಗುವ ಹಾಗೆ ಕಟ್ಟು ತಂಗಿ. ಎಂಟರ ಗಂಟು ನಡುವೆ ಬಂದರೆ ಕುಡಿ ತಂತಿಗೆ ತಾಗುವುದೇ ಇಲ್ಲ. ತೋಳಿನ ಮೇಲಿನ ಎಲೆ ಒಂದೂ ತೆಗೆಯಬೇಡ, ಅದೇ ಅದರ ಕೊಡೆ. ಕಲೆ ಬಿದ್ದ ಕುಡಿ ಮುಂದೆ ಬೆಳೆಯುತ್ತಿದ್ದರೆ ಬಿಡು. ನಿಂತಿದ್ದರೆ ಕಲೆಯ ಹಿಂದಿನ ಕಣ್ಣಿಗೆ ಕತ್ತರಿಸು.

ನೀರಿನ ವ್ಯವಸ್ಥೆ ಹೇಗಿದೆ?

ಹೊಸಪಡ_ತಿಕೋಟಾ

ಬೋರ್ ಕಡಿಮೆ ಆಗಿದೆ ಕಾಕಾ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನಮ್ಮ ಊರ ಹಳ್ಳಕ್ಕೆ ನೀರು ಬಂದಾಗ ಕೃಷಿಹೊಂಡ ತುಂಬಿಕೊಂಡಿದ್ದೆವು. ಅದು ಮೇ 15ರ ತನಕ ಬರಬಹುದು. ಬುಡಕ್ಕೆ ಕಬ್ಬಿನ ರವದಿ (ಒಣ ಸೋಗೆ) ಹಾಸಿದ್ದೇವೆ.

ಎರೆಹೊಲ_ಬಬಲೇಶ್ವರ

ರವದಿ ಹಾಸಿದ್ದು ಬಹಳ ಒಳ್ಳೆಯದು. ಗೆದ್ದಲು ಒಂದು ನೋಡಿಕೋ.

ಬಾಗೇವಾಡಿ_ರೈತ

ತಂಗಿ, ಅಕ್ಟೋಬರ್‌ನಲ್ಲಿ ಬೆಳೆ ಹಿಡಿಯುವ ಯೋಚನೆ ಇದೆಯಾ? ನನ್ನ ಹಾಗೆ ಅವಸರ ಮಾಡಬೇಡ. ಒಂದು ಕಾಡಿ ಅಡ್ಡ ಕತ್ತರಿಸಿ ನೋಡು. ನಡುವಿನ ಬೆಂಡು ಸಣ್ಣಗಾಗಿ ಕಂದು ಬಣ್ಣಕ್ಕೆ ತಿರುಗಿರಬೇಕು, ಸಿಪ್ಪೆಯೂ ಕಂದಾಗಿರಬೇಕು. ಕಾಡಿಯ ದಪ್ಪ ಪೆನ್ಸಿಲ್‌ಗಿಂತ ಸ್ವಲ್ಪ ಕಡಿಮೆ ಇದ್ದರೂ ಸಾಕು. ಒಳಗೆ ಬೆಂಡು ದೊಡ್ಡದಾಗಿ ಹಸಿರು ಇದ್ದರೆ ಆ ಕಾಡಿಗೆ ಗೊನೆ ಕೇಳಬೇಡ. ನಾನು ಮೊದಲ ವರ್ಷ ಹಸಿರು ಕಾಡಿಗೇ ಚಾಟ್ನಿ ಮಾಡಿಸಿದ್ದೆ.

ಕಾಡಿ_ಲೆಕ್ಕ

ಇದು ಒಳ್ಳೆ ಮಾತು. ಗೊನೆ ಕಣ್ಣಿನೊಳಗೆ ಹುಟ್ಟುವುದೇ ಈ ಬೇಸಿಗೆಯಲ್ಲಿ. ಕಾಡಿ ಒಂದರ ಮೇಲೊಂದು ಬಿದ್ದು ನೆರಳಾಗದ ಹಾಗೆ ಬಿಡಿಸಿ ಕಟ್ಟಿ. ಬಿಸಿಲು ಕಂಡ ಕಣ್ಣಿಗೇ ಗೊನೆ. ಅನುಮಾನ ಇದ್ದರೆ ನಾಲ್ಕು ಕಾಡಿ ತೆಗೆದುಕೊಂಡು ತಿಡಗುಂದಿಯ ತೋಟಗಾರಿಕೆ ಕೇಂದ್ರಕ್ಕೆ ಹೋಗಿ ತೋರಿಸಿ.

ಸಿಂದಗಿ_ಎರೆಮಣ್ಣು

ಅಪ್ಪನವರು ಈಗ ಪಡಕ್ಕೆ ಬರುತ್ತಾರಾ ಅಕ್ಕ?

ಹೊಸಪಡ_ತಿಕೋಟಾ

ಬರುತ್ತಾರೆ. ಸುತಳಿ ಕತ್ತರಿಸಿ ಒಂದು ಗೇಣಿನ ತುಂಡು ಮಾಡಿ ಟವೆಲ್‌ನಲ್ಲಿ ಕಟ್ಟಿಕೊಂಡು ಬರುತ್ತಾರೆ. ಹತ್ತನೇ ಸಾಲಿನಿಂದ ಆಚೆ ಕಟ್ಟುವುದೆಲ್ಲ ಅವರದ್ದೇ. ನಾಳೆ ಮಧ್ಯಾಹ್ನ ಪಕ್ಕದ ಕಾಕಾನ ಸಾಲಿಗೆ ಇಬ್ಬರೂ ಹೋಗುತ್ತಿದ್ದೇವೆ.